ಚೀಟಿ ಇಲ್ಲದವರಿಗೆ ಭಯವೂ ಇಲ್ಲ

ನಮ್ಮಲ್ಲಿ ಸೀರೆ ಕೊಳ್ಳುವಾಗ ಹತ್ತು ಪ್ರಶ್ನೆ ಇರುತ್ತವೆ. ಬಣ್ಣ ಹೋಗುತ್ತಾ, ಒಗೆದರೆ ಕುಗ್ಗುತ್ತಾ, ಬೇಡವಾದರೆ ವಾಪಸ್ ತಗೋತೀರಾ? ತುರಿಕೆ, ಕೆಂಪು ಅಡಗಿಸಲು ಮೈಗೆ ಹಚ್ಚುವ ಸ್ಟೀರಾಯ್ಡ್ ಮುಲಾಮಿಗೆ ಒಂದೂ ಇಲ್ಲ. ಮೆಡಿಕಲ್ ಶಾಪಿಗೆ ಹೋಗಿ, ಆಚೀಚೆ ನೋಡಿ, ದನಿ ತಗ್ಗಿಸಿ "ಅಣ್ಣಾ, ಸ್ವಲ್ಪ ತುರಿಕೆ" ಅಂದರೆ ಸಾಕು. ಎಲ್ಲಿ ಅಂತ ಅಣ್ಣ ಕೇಳುವುದಿಲ್ಲ. ಕೇಳಿದರೆ ಗಿರಾಕಿಗೆ ನಾಚಿಕೆಯಾಗಿ ಎದುರಿನ ಅಂಗಡಿಗೆ ಹೋಗಿಬಿಡುತ್ತಾನೆ. ಹಾಗಾಗಿ ಒಂದೇ ಪ್ರಶ್ನೆ: "ದೊಡ್ಡ ಟ್ಯೂಬಾ, ಚಿಕ್ಕದಾ?" ಅಲ್ಲಿಗೆ ತಪಾಸಣೆ ಮುಗಿಯಿತು.

ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಟ್ಯೂಬಿನ ಮೇಲೆಯೇ ಅಚ್ಚಾಗಿರುತ್ತದೆ. ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ.

ಇದರ ಹಿಂದಿನ ಕಾನೂನಿನ ಕಥೆ ಇನ್ನೂ ಸೊಗಸು. ಚೀಟಿ ಕಡ್ಡಾಯವಾದ ಔಷಧಗಳ ಪಟ್ಟಿಗೆ ಶೆಡ್ಯೂಲ್ ಎಚ್ ಅಂತ ಹೆಸರು. ಸ್ಟೀರಾಯ್ಡ್‌ಗಳು ಅದರಲ್ಲಿ ಇದ್ದವು. ಆದರೆ ಹೊರಗೆ ಹಚ್ಚುವುದಾದರೆ ಈ ನಿಯಮ ಇಲ್ಲ ಅನ್ನುವ ಅರ್ಥದ ಒಂದು ಟಿಪ್ಪಣಿಯೂ ಜೊತೆಗಿತ್ತು. ಅಂದರೆ ನುಂಗಿದರೆ ಔಷಧ, ಹಚ್ಚಿಕೊಂಡರೆ ಸ್ನೋ, ಪೌಡರ್. ಚರ್ಮದ ವೈದ್ಯರು ವರ್ಷಗಟ್ಟಲೆ ಗಂಟಲು ಹರಿದುಕೊಂಡ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳಿಗೆ ಚೀಟಿ ಬೇಕೇ ಬೇಕು ಅಂದಿತು. ಈಗ ಕಾನೂನೂ ಗಟ್ಟಿಯಾಗಿದೆ, ಮುಲಾಮೂ ಮುಂಚಿನ ಹಾಗೇ ಸಿಗುತ್ತದೆ. ಯಾರ ಮನಸ್ಸಿಗೂ ನೋವಾಗಿಲ್ಲ.

ಕೌಂಟರಿನಲ್ಲಿ ಜಾಸ್ತಿ ಓಡುವುದು ಬೆರಕೆ ಮುಲಾಮು. ಅದೊಂದು ಸಮ್ಮಿಶ್ರ ಸರ್ಕಾರ. ಕ್ಲೋಬೆಟಸಾಲ್ ಅನ್ನುವ ಭಾರೀ ಸ್ಟೀರಾಯ್ಡ್, ಬ್ಯಾಕ್ಟೀರಿಯಾ ನೋಡಿಕೊಳ್ಳಲು ಆಫ್ಲಾಕ್ಸಾಸಿನ್, ಬೆಂಬಲಕ್ಕೆ ಆರ್ನಿಡಜೋಲ್, ಫಂಗಸ್ ಖಾತೆಗೆ ಟರ್ಬಿನಾಫಿನ್. ಕಾಯಿಲೆ ಯಾವುದು ಅಂತ ಗೊತ್ತಿಲ್ಲದಿದ್ದರೆ ಎಲ್ಲರಿಗೂ ಒಂದೊಂದು ಖಾತೆ ಕೊಟ್ಟುಬಿಡುವುದು. ಇದನ್ನು ಕೊಳ್ಳುವವರಲ್ಲಿ ಬಹಳಷ್ಟು ಜನ ಹುಳುಕಡ್ಡಿಯವರು. ಹುಳುಕಡ್ಡಿ ಬರುವುದು ಫಂಗಸ್‌ನಿಂದ. ಟರ್ಬಿನಾಫಿನ್ ಅದನ್ನು ಕೊಲ್ಲಲು ಹೊರಟರೆ, ಸ್ಟೀರಾಯ್ಡ್ ಚರ್ಮದ ಕಾವಲುಗಾರರನ್ನೇ ಮಲಗಿಸಿಬಿಡುತ್ತದೆ. ಎರಡು ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ಗಿರಾಕಿ ಖುಷಿ. ಫಂಗಸ್ ಇನ್ನೂ ಖುಷಿ. ತೊಡೆಯಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ, ಆಮೇಲೆ ಒಂದೇ ಟವೆಲ್ಲಿನ ಕೃಪೆಯಿಂದ ಮನೆಮಂದಿಗೆಲ್ಲ.

2016ರಲ್ಲಿ ಸರ್ಕಾರ 344 ಬೆರಕೆ ಔಷಧಗಳನ್ನು ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. 2018ರಲ್ಲಿ 328ರ ಮೇಲೆ ಮತ್ತೆ ನಿಷೇಧ ಬಂತು. ಇಂಥ ಮುಲಾಮುಗಳೂ ಅದರಲ್ಲಿದ್ದವು. ಅದಕ್ಕೇನು, ಟ್ಯೂಬಿನೊಳಗಿನ ಒಬ್ಬ ಮಂತ್ರಿಯನ್ನು ಬದಲಿಸಿದರೆ ಹೊಸ ಸಂಪುಟ.

ಇನ್ನು ಬೆಳ್ಳಗಾಗುವ ಭಾಗ್ಯ. ಮೊಮೆಟಸೋನ್ ಅನ್ನುವ ಸ್ಟೀರಾಯ್ಡ್ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಸೇರಿದ ಕ್ರೀಮನ್ನು ವೈದ್ಯರು ಬಂಗು ಅನ್ನುವ ಮುಖದ ಕಂದು ಕಲೆಗೆ ಕೆಲವು ವಾರದ ಮಟ್ಟಿಗೆ ಬರೆಯುತ್ತಾರೆ. ನಮ್ಮವರು ಅದನ್ನು ಬೆಳಿಗ್ಗೆ ಪೌಡರಿನ ಕೆಳಗೆ ವರ್ಷಗಟ್ಟಲೆ ಹಚ್ಚುತ್ತಾರೆ. ಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ. ಉರಿಗೆ ಅದೇ ಕ್ರೀಮು. ಇಂಥ ಮುಖಕ್ಕೆ 2008ರಲ್ಲಿ ನಮ್ಮ ದೇಶದ ವೈದ್ಯರೇ ಒಂದು ಹೆಸರಿಟ್ಟರು: ಸ್ಟೀರಾಯ್ಡ್‌ನಿಂದ ಹಾಳಾದ ಮುಖ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಖದ ತೊಂದರೆ ಅಂತ ಬಂದ 2,926 ಜನರಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚಿಕೊಳ್ಳುತ್ತಿದ್ದರು. ವಿಶ್ವಗುರುವಿನ ಮುಖದಲ್ಲಿ ತೇಜಸ್ಸು ಸುಮ್ನೆ ಬರುತ್ತದೆಯೇ?

ಇಷ್ಟು ಧೈರ್ಯಶಾಲಿ ಜನ ಹೆದರುವುದು ಯಾವಾಗ ಗೊತ್ತೇ? ವೈದ್ಯರು ಚೀಟಿ ಬರೆದುಕೊಟ್ಟಾಗ! ಮಗುವಿನ ಮೊಣಕೈ ಮಡಿಕೆಯಲ್ಲಿ ಇಸುಬು, ಅದು ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ವೈದ್ಯರು ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಬರೆದಿದ್ದಾರೆ. ಮನೆಯಲ್ಲಿ ಕೋಲಾಹಲ. "ಅಯ್ಯೋ, ಸ್ಟೀರಾಯ್ಡಂತೆ!" ಅಜ್ಜಿ ಟ್ಯೂಬನ್ನು ಬೀರುವಿನ ಮೇಲೆ ಎಸೆಯುತ್ತಾರೆ. ಅಪ್ಪ ಪೊಟ್ಟಣದೊಳಗಿನ ಕಾಗದ ಬಿಚ್ಚಿ ಮೂರು ಸಲ ಓದುತ್ತಾನೆ. ಅಮ್ಮ ಸಾಸಿವೆ ಕಾಳಿನಷ್ಟು ಹಚ್ಚಿ, ಎರಡನೇ ದಿನಕ್ಕೆ ನಿಲ್ಲಿಸಿ, ಔಷಧ ಕೆಲಸ ಮಾಡಲಿಲ್ಲ ಅನ್ನುತ್ತಾಳೆ. ಅಮ್ಮನ ಮುಖದಲ್ಲಿರುವ ಕ್ರೀಮು ಇದಕ್ಕಿಂತ ಎಷ್ಟೋ ಪಾಲು ಜೋರಿನದು. ಅದಕ್ಕೆ ಚೀಟಿ ಇಲ್ಲವಲ್ಲ, ಭಯ ಯಾಕೆ?

ಎಷ್ಟು ಹಚ್ಚಬೇಕು ಅನ್ನುವುದಕ್ಕೆ 1991ರಿಂದಲೇ ಒಂದು ಸುಲಭ ಲೆಕ್ಕವಿದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬ್ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅದು ಸಾಕು. ದಿನಕ್ಕೆ ಒಂದೋ ಎರಡೋ ಸಲ, ಹೇಳಿದಷ್ಟೇ ದಿನ. ಕ್ಲೋಬೆಟಸಾಲ್ ಆದರೆ ಒಮ್ಮೆಗೆ ಎರಡು ವಾರ ದಾಟಬಾರದು. ಮುಖ, ಕಂಕುಳು, ತೊಡೆಸಂದಿಯ ಚರ್ಮ ತೆಳು, ಅಲ್ಲಿಗೆ ವೈದ್ಯರು ಹೇಳದೆ ಹಚ್ಚುವಂತಿಲ್ಲ. ಬಹಳ ದಿನದಿಂದ ಹಚ್ಚುತ್ತಿದ್ದರೆ ನಿಲ್ಲಿಸುವುದೂ ಅವರನ್ನು ಕೇಳಿಯೇ. ಇಷ್ಟೇ ವಿಷಯ. ಆದರೆ ಇದನ್ನು ಹೇಳುವ ವೈದ್ಯರು ಫೀಸ್ ಕೇಳುತ್ತಾರೆ, ಹೊರಗೆ ಟೋಕನ್ ಹಿಡಿದು ಕಾಯಿಸುತ್ತಾರೆ. ಕೌಂಟರಿನ ಅಣ್ಣ ಚಿಲ್ಲರೆ ಕೂಡ ಕೊಡುತ್ತಾನೆ.

ಕೊನೆಗೆ ಎಲ್ಲರೂ ಚರ್ಮದ ವೈದ್ಯರ ಬಾಗಿಲಿಗೇ ಬರುತ್ತಾರೆ, ಮುಖ ಕೆಂಡವಾದ ಮೇಲೆ.

"ಏನು ಹಚ್ಚಿದ್ರಿ ಅಮ್ಮಾ?"

"ಏನೂ ಇಲ್ಲ ಡಾಕ್ಟ್ರೇ. ಬರೀ ಫೇಸ್ ಕ್ರೀಮು."

"ಟ್ಯೂಬ್ ತಂದಿದ್ದೀರಾ?"

"ಇಲ್ಲ, ಮನೇಲಿದೆ. ಮುಂದಿನ ತಿಂಗಳು ನಾದಿನಿ ಮದುವೆ, ಅವಳು ಹಚ್ಕೋತಿದ್ದಾಳೆ."