ಮೊನಚಾಗಿದ್ದ ಮಾತ್ರಕ್ಕೆ ಅದು ಕಾಡಿನ ಅಕ್ಷರವಾ?

ಹೋದ ತಿಂಗಳು ನಮ್ಮೂರಲ್ಲಿ ಮಕ್ಕಳ ಪರಿಸರ ಶಿಬಿರದ ಒಂದು ಬ್ಯಾನರ್ ಕಟ್ಟಿದ್ದರು. ಹಸಿರು ಬಣ್ಣ, ಒಂದು ಪಕ್ಕದಲ್ಲಿ ಹುಲಿಯ ಮುಖ, ನಡುವೆ ಕೊಡಲಿಯಲ್ಲಿ ಕಡಿದ ಹಾಗಿರುವ ದಪ್ಪ ದಪ್ಪ ಅಕ್ಷರ. ಅದರಲ್ಲಿ ‘ಪಾಠ’ ಅನ್ನೋ ಪದ ಇತ್ತು. ರಸ್ತೆಯ ಆಚೆಯಿಂದ ನಾನು ಓದಿಕೊಂಡದ್ದು ‘ಪಾರ’ ಅಂತ. ಹತ್ತಿರ ಹೋದ ಮೇಲೆ ಠ ಒಳಗಿನ ಚುಕ್ಕೆ ಕಂಡಿತು. ಗೆರೆ ಎಷ್ಟು ದಪ್ಪ ಅಂದರೆ ಚುಕ್ಕೆಯ ಸುತ್ತ ಜಾಗವೇ ಉಳಿದಿರಲಿಲ್ಲ.

ಅವತ್ತಿನಿಂದ ಇದನ್ನು ಬರೆಯಬೇಕು ಅಂತಿದ್ದೆ.

ಕಾಡು, ಸಫಾರಿ, ಆದಿವಾಸಿ ಅಂದ ಕೂಡಲೇ ನಮ್ಮ ಪೋಸ್ಟರ್‌ಗಳಲ್ಲಿ ಇಂಥ ಮೊನಚು ಅಕ್ಷರ ಬಂದು ಕೂರುತ್ತದೆ. ಈ ರೂಢಿ ಶುರುವಾದದ್ದು ದೂರದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ. ಅದರಲ್ಲಿ ದೊಡ್ಡ ಪಾಲು ನಾಯ್‌ಲಾಂಡ್ ಅನ್ನೋ ಫಾಂಟ್‌ನದು. ಹೆಸರು ಗೊತ್ತಿಲ್ಲದಿದ್ದರೂ ನೀವು ನೋಡಿರುತ್ತೀರಿ. 1993ರ ಜುರಾಸಿಕ್ ಪಾರ್ಕ್ ಸಿನಿಮಾದ ಹೆಸರು ಇದೇ ಬಗೆಯ ಅಕ್ಷರದಲ್ಲಿದೆ.

ಆದರೆ ಆ ಫಾಂಟ್‌ಗೂ ಕಾಡಿಗೂ ಸಂಬಂಧವೇ ಇರಲಿಲ್ಲ. ಅದನ್ನು ಮಾಡಿದವರು ಜರ್ಮನಿಯ ರುಡಾಲ್ಫ್ ಕಾಖ್. ಆಫೆನ್‌ಬಾಖ್ ಊರಿನ ಕ್ಲಿಂಗ್‌ಸ್ಪೋರ್ ಅಚ್ಚುಮೊಳೆ ಕಾರ್ಖಾನೆಗೆ, 1923ರಲ್ಲಿ. ನಾಯ್‌ಲಾಂಡ್ ಅಂದರೆ ‘ಹೊಸ ನೆಲ’. ಆಗ ಅಲ್ಲಿ ಪುಸ್ತಕ, ಪತ್ರಿಕೆಗಳಲ್ಲಿ ಹಳೆಯ ಗಾಥಿಕ್ ಅಕ್ಷರವೇ, ಅಂದರೆ ದಪ್ಪ ಗೆರೆಯ, ಕೋನ ಕೋನವಾದ ಅಕ್ಷರವೇ ಜಾಸ್ತಿ. ಕಾಖ್ ಅವರೂ ಅದರಲ್ಲಿ ಪಳಗಿದವರು, ಅಂಥ ಫಾಂಟ್‌ಗಳನ್ನೂ ಮಾಡಿದ್ದರು. ಆ ಅಕ್ಷರದ ಕಪ್ಪು ತೂಕ ಹಾಗೇ ಇರಬೇಕು, ರೂಪ ಮಾತ್ರ ಸರಳವಾದ ರೋಮನ್ ಕ್ಯಾಪಿಟಲ್ ಆಗಬೇಕು. ನಾಯ್‌ಲಾಂಡ್ ನೋಡಿದರೆ ನನಗೆ ಕಾಣುವ ಆಸೆ ಇದು. ಅದರಲ್ಲಿ ಸಣ್ಣಕ್ಷರಗಳೇ ಇಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಅವರು ಅದನ್ನು ಮಾಡಿದ ರೀತಿ. ಸಾಮಾನ್ಯವಾಗಿ ಮೊದಲು ಕಾಗದದ ಮೇಲೆ ಚಿತ್ರ ಬರೆದುಕೊಳ್ಳುತ್ತಾರೆ, ಆಮೇಲೆ ಅದನ್ನು ಲೋಹಕ್ಕೆ ಇಳಿಸುತ್ತಾರೆ. ಕಾಖ್ ಚಿತ್ರವನ್ನೇ ಬರೆಯಲಿಲ್ಲ. ಲೋಹದ ತುಂಡು ಹಿಡಿದು ನೇರವಾಗಿ ಅಕ್ಷರ ಕೊರೆದರು, ಒಂದೊಂದು ಸೈಜಿಗೂ ಬೇರೆ ಬೇರೆಯಾಗಿ. ಹಾಗಾಗಿ ಸಣ್ಣ ಸೈಜಿನ ಅಕ್ಷರ ದೊಡ್ಡ ಸೈಜಿನದರ ಪಡಿಯಚ್ಚಲ್ಲ. ಎಲ್ಲೋ ಅಂಚು ಸ್ವಲ್ಪ ವಾಲಿದೆ, ಎಲ್ಲೋ ಮೂಲೆ ಬೇರೆ ಥರ ಮುರಿದಿದೆ. ಕೈ ಓಡಿದ ಗುರುತು ಅದು. ಇವತ್ತು ಕಂಪ್ಯೂಟರಿನಲ್ಲಿ ಸಿಗುವ ನಾಯ್‌ಲಾಂಡ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರವನ್ನು ಹಿಗ್ಗಿಸುವುದು, ಕುಗ್ಗಿಸುವುದು. ಇದಕ್ಕೆ ನನಗೆ ನಿಜವಾಗಿ ಬೇಜಾರಿದೆ.

ಇಷ್ಟು ಜಾಣ ಕೆಲಸಕ್ಕೆ ‘ಕಾಡು’ ಅನ್ನೋ ಹಣೆಪಟ್ಟಿ ಅಂಟಿಕೊಂಡಿತು. ಅಮೆರಿಕದ ಜಾಹೀರಾತಿನವರಿಗೆ, ಪುಸ್ತಕದ ಮುಖಪುಟ ಮಾಡುವವರಿಗೆ ಅದು ಮರದಲ್ಲಿ ಕೆತ್ತಿದ ಅಕ್ಷರದಂತೆ ಕಂಡಿತು. ಆಫ್ರಿಕಾ, ಕಪ್ಪು ಜನರ ಬದುಕು, ಸಾಹಸ, ಎಲ್ಲಕ್ಕೂ ಅದನ್ನೇ ಬಳಸುತ್ತಾ ಹೋದರು. ಒರಟು ಅಕ್ಷರ ಅಂದರೆ ಒರಟು ಜನ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಪೋಸ್ಟರ್ ಹೇಳುತ್ತಿತ್ತು. ನಾವು ಅದೇ ರೂಢಿಯನ್ನು ತಂದು ನಮ್ಮ ಆದಿವಾಸಿಗಳ ಹೆಸರಿನ ಪಕ್ಕ ಇಡುವುದು ನನಗೆ ಸರಿ ಕಾಣುವುದಿಲ್ಲ.

ಉಳಿ ಹಿಡಿದವರಿಗೆ ಮೊನಚು ಬಿಟ್ಟು ಬೇರೆ ಬರುವುದಿಲ್ಲ ಅನ್ನುವುದೂ ಸುಳ್ಳು. ಹೊಯ್ಸಳರ ಕಾಲದ ಶಾಸನಗಳನ್ನು ಹತ್ತಿರದಿಂದ ನೋಡಿ. ಕಲ್ಲಿನಲ್ಲಿ ಕನ್ನಡ ಅಕ್ಷರ ಮುತ್ತು ಪೋಣಿಸಿದ ಹಾಗೆ ದುಂಡಗೆ ಕೂತಿದೆ.

ಹಾಗಂತ ಕನ್ನಡಕ್ಕೆ ಮೊನಚು ಅಕ್ಷರ ಬೇಡ ಅಂತ ಅಲ್ಲ. ಖಂಡಿತ ಬೇಕು. ಎರಡು ಮೂರು ಪದದ ಶೀರ್ಷಿಕೆಗೆ, ನಾಟಕದ ಪೋಸ್ಟರಿಗೆ ಅದಕ್ಕೊಂದು ಗತ್ತಿದೆ. ಆದರೆ ಇಂಗ್ಲಿಷ್ ಅಕ್ಷರದ ದಪ್ಪವನ್ನು ಹಾಗೇ ಎತ್ತಿಕೊಂಡು ಬಂದರೆ ನಡೆಯುವುದಿಲ್ಲ. ನಾಯ್‌ಲಾಂಡ್‌ನ A ಒಳಗೆ ಚೂರೇ ಚೂರು ಬಿಳಿ ಇದ್ದರೂ ಅದು A ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಎಷ್ಟೋ ಅಕ್ಷರಗಳ ಗುರುತು ಇರುವುದೇ ಹೊಟ್ಟೆಯಲ್ಲಿ. ರ ಒಳಗೆ ಚುಕ್ಕೆ ಇಟ್ಟರೆ ಠ. ದ ಹೊಟ್ಟೆ ಸೀಳಿದರೆ ಧ. ಆ ಚುಕ್ಕೆ, ಆ ಸೀಳು ಕಪ್ಪಿನಲ್ಲಿ ಮುಳುಗಿದರೆ ಮಠ ಹೋಗಿ ಮರ ಆಗುತ್ತದೆ, ಧನ ಹೋಗಿ ದನ ಆಗುತ್ತದೆ. ಒತ್ತಕ್ಷರದ ಪಾಡಂತೂ ಇನ್ನೂ ಕಷ್ಟ. ದುಂಡು ಅಕ್ಷರದ ಮೂಲೆ ಕತ್ತರಿಸಿಬಿಟ್ಟರೆ ಮೊನಚು ಕನ್ನಡ ಆಗುವುದಿಲ್ಲ, ಮೊದಲು ಒಳಗಿನ ಬಿಳಿ ಜಾಗ ಎಷ್ಟು ಅಂತ ಗೊತ್ತು ಮಾಡಿಕೊಳ್ಳಬೇಕು.

ಭಾನುವಾರ ಕಪ್ಪು ಡ್ರಾಯಿಂಗ್ ಶೀಟ್, ಬ್ಲೇಡು ಇಟ್ಟುಕೊಂಡು ಕೂತೆ. ಪೆನ್ಸಿಲ್ ಮುಟ್ಟದೆ ನೇರವಾಗಿ ‘ಪಾಠ’ ಅಂತ ಕತ್ತರಿಸಿದೆ. ಪ ಸುಲಭಕ್ಕೆ ಬಂತು, ಅದಕ್ಕೆ ಮೂಲೆ ಒಪ್ಪುತ್ತದೆ. ಠ ಕತ್ತರಿಸುವಾಗ ಚುಕ್ಕೆ ಬೇರೆಯಾಗಿ ಮೇಜಿನ ಮೇಲೆ ಬಿತ್ತು. ಅದನ್ನು ಎಂಟು ಮೂಲೆ ಮಾಡಿ ಅಂಟಿಸಿದೆ, ಇಕ್ಕಟ್ಟಾಯಿತು. ಹೊರಗಿನ ಗೆರೆಯನ್ನು ಅರ್ಧದಷ್ಟು ಸಣ್ಣ ಮಾಡಿ, ಚುಕ್ಕೆಯನ್ನು ಬರೀ ನಾಲ್ಕು ಮೂಲೆಯ ಹರಳಿನಂತೆ ಮಾಡಿ ಮತ್ತೆ ಅಂಟಿಸಿದೆ. ಗೋಡೆಗೆ ಹಚ್ಚಿ ಹಿತ್ತಿಲ ಬಾಗಿಲ ತನಕ ಹಿಂದೆ ಹೋಗಿ ನೋಡಿದೆ. ಈಗ ಠ ಓದಿಸುತ್ತದೆ. ಮುಂದಿನ ವಾರ ಧ ಹಿಡಿಯುತ್ತೇನೆ, ಆ ಸೀಳನ್ನು ಎಲ್ಲಿಂದ ಶುರು ಮಾಡುವುದು ಅನ್ನೋದು ಇನ್ನೂ ಹೊಳೆದಿಲ್ಲ. ನಿಮ್ಮಲ್ಲಿ ಬೋರ್ಡ್ ಬರೆಯುವವರು ಇದ್ದರೆ ದಯವಿಟ್ಟು ಹೇಳಿ.