ಕಳಿಸುವ ಖರ್ಚನ್ನು ಮೊದಲೇ ಹೇಳಿ

ಕಳೆದ ವಾರ ಅವ್ವನ ಮೊಣಕಾಲಿಗೆ ಪಟ್ಟಿಯೊಂದನ್ನು ಆನ್‌ಲೈನಿನಲ್ಲಿ ಹುಡುಕಿದೆ. ಬೆಲೆ 349 ರೂಪಾಯಿ ಎಂದು ದೊಡ್ಡ ಅಕ್ಷರದಲ್ಲಿತ್ತು. ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಎಲ್ಲ ತುಂಬಿಸಿಕೊಂಡ ಮೇಲೆ ಡೆಲಿವರಿಗೆ 79, ಪ್ಯಾಕಿಂಗ್‌ಗೆ 29, ಮನೆ ಬಾಗಿಲಲ್ಲಿ ನಗದು ಕೊಡುವುದಕ್ಕೆ 25 ಸೇರಿ ಲೆಕ್ಕ 482ಕ್ಕೆ ಬಂತು. ಫೋನ್ ಕೆಳಗಿಟ್ಟೆ. ಮರುದಿನ ಧಾರವಾಡದ ಸುಭಾಷ ರಸ್ತೆಯಲ್ಲಿ ಅಂಥದ್ದೇ ಪಟ್ಟಿಯನ್ನು 420 ರೂಪಾಯಿಗೆ ತಂದೆ. ಅಂಗಡಿಯವರು ಮೊದಲ ಮಾತಿಗೇ ಹೇಳಿದ ಬೆಲೆ ಅದು.

ನನ್ನ ಸಿಟ್ಟು 133 ರೂಪಾಯಿಯ ಮೇಲಲ್ಲ. ಮೊದಲೇ 482 ಎಂದಿದ್ದರೆ ಬಹುಶಃ ಕೊಟ್ಟೇಬಿಡುತ್ತಿದ್ದೆ. ಇಷ್ಟೆಲ್ಲ ತುಂಬಿಸಿದ್ದಾಗಿದೆ, ಇನ್ನು ಬಿಟ್ಟು ಹೋಗಲಾರ ಎಂಬ ಹೊತ್ತು ನೋಡಿ ಉಳಿದದ್ದನ್ನು ಹೇಳುತ್ತಾರಲ್ಲ, ಅದು ಮೋಸ. ಇದಕ್ಕೆ ‘ಡ್ರಿಪ್ ಪ್ರೈಸಿಂಗ್’ ಎಂಬ ಹೆಸರೇ ಇದೆ. ಹೊಲಕ್ಕೆ ಡ್ರಿಪ್ ಹಾಕಿಸಿದ ನಮ್ಮ ಕಡೆಯವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ, ಹನಿಹನಿಯಾಗಿ ಬಿಡುವುದು.

ಆದರೆ ಮಾರುವವರ ಕಷ್ಟವನ್ನೂ ನಾನು ಮನೆಯಲ್ಲೇ ನೋಡಿದ್ದೇನೆ. ಹುಬ್ಬಳ್ಳಿಯಲ್ಲಿ ನನ್ನ ಅಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಬೆಂಗಳೂರು, ಪುಣೆಗೆ ಕಳಿಸುತ್ತಾಳೆ. ರೊಟ್ಟಿ ಒಡೆಯಬಾರದೆಂದರೆ ದೊಡ್ಡ ರಟ್ಟಿನ ಡಬ್ಬಿಯೇ ಬೇಕು. ಉದ್ದ, ಅಗಲ ಮೂವತ್ತು ಸೆಂಟಿಮೀಟರ್, ಎತ್ತರ ಹದಿನೈದು. ನಲವತ್ತು ರೊಟ್ಟಿ ಹಾಕಿ ತಕ್ಕಡಿಗೆ ಇಟ್ಟರೆ ಒಂದೂವರೆ ಕಿಲೋ ಕೂಡ ತೂಗುವುದಿಲ್ಲ. ಕೊರಿಯರ್‌ನವರು ಮೂರೂ ಅಳತೆಗಳನ್ನು ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 2.7 ಕಿಲೋ ಬರುತ್ತದೆ. ಎರಡು ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೇ ದರ, ಅದೂ ಅರ್ಧ ಅರ್ಧ ಕಿಲೋದ ಲೆಕ್ಕದಲ್ಲಿ. ಹಾಗಾಗಿ ಮೂರು ಕಿಲೋದ ದುಡ್ಡು! ಮೇಲೆ ಜಿಎಸ್‌ಟಿ. ನಗದಿನ ಪಾರ್ಸೆಲ್ ಅನ್ನು ಗಿರಾಕಿ ಬಾಗಿಲಲ್ಲೇ ಬೇಡವೆಂದರೆ ಹೋಗುವ, ಬರುವ ಎರಡೂ ಖರ್ಚು ಅಕ್ಕನ ತಲೆಗೆ, ರೊಟ್ಟಿ ಪುಡಿಪುಡಿ.

ಆರಂಭದಲ್ಲಿ ಅವಳೂ ‘ಡೆಲಿವರಿ ಉಚಿತ’ ಎಂದೇ ಬರೆದಿದ್ದಳು. ಖರ್ಚನ್ನು ರೊಟ್ಟಿಯ ಬೆಲೆಗೇ ಸೇರಿಸಿದ್ದಳು. ಒಂದು ದಿನ ಧಾರವಾಡದ ಶಿಕ್ಷಕಿಯೊಬ್ಬರು, “ನಾನು ಬಂದು ಒಯ್ದರೂ ಪುಣೆಯವರ ಬೆಲೆಯನ್ನೇ ಕೊಡಬೇಕೇ?” ಎಂದು ಕೇಳಿದರು. ಅಕ್ಕನಿಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. “ತಮ್ಮಾ, ಉಚಿತ ಅಂತ ಬರೆದು ಇಪ್ಪತ್ತು ಕಿಲೋಮೀಟರ್ ದೂರದವರ ಕಡೆಯಿಂದ ಪುಣೆಯ ಬಾಡಿಗೆ ವಸೂಲಿ ಮಾಡಿದೆನಲ್ಲ” ಎಂದಳು. ಈಗ ಅವಳ ದರಪಟ್ಟಿಯಲ್ಲಿ ರೊಟ್ಟಿಯ ಬೆಲೆಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಮನೆಗೆ ಬಂದು ಒಯ್ದರೆ ಎಷ್ಟು, ಕರ್ನಾಟಕದೊಳಗೆ ಎಷ್ಟು, ಹೊರಗೆ ಎಷ್ಟು ಎಂದಿದೆ. ಕೆಲವರು ಅದನ್ನು ನೋಡಿಯೇ ಬಿಟ್ಟುಹೋಗುತ್ತಾರೆ. ಹೋಗಲಿ. ಉಳಿದವರು ಜಗಳ ಮಾಡುವುದಿಲ್ಲ.

ಮನೆಯ ಅಡುಗೆಕೋಣೆಯಿಂದ ವ್ಯಾಪಾರ ಮಾಡುವ ಹೆಣ್ಣುಮಗಳಿಗೆ ಸಾಧ್ಯವಾದದ್ದು, ಪಿನ್‌ಕೋಡ್ ಒತ್ತಿದರೆ ಯಾವ ದಿನ ತಲುಪುತ್ತದೆಂದು ಹೇಳಬಲ್ಲ ದೊಡ್ಡ ಕಂಪನಿಗಳಿಗೆ ಏಕೆ ಸಾಧ್ಯವಿಲ್ಲ? ಅದೇ ಪಿನ್‌ಕೋಡಿಗೆ ದರವನ್ನೂ ಹೇಳಬಹುದಲ್ಲ? ‘499 ದಾಟಿದರೆ ಉಚಿತ’ ಎಂದು ಬೇಡದ ಸಾಮಾನು ಕೊಳ್ಳುವಂತೆ ಮಾಡುವುದೂ ನನಗೆ ಹಿಡಿಸುವುದಿಲ್ಲ, ಆದರೆ ಅಲ್ಲಿ ಷರತ್ತಾದರೂ ಕಣ್ಣೆದುರಿಗಿರುತ್ತದೆ.

ಕಾನೂನು ಇಲ್ಲವೆಂದಲ್ಲ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರು ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಬೇಕು, ಡೆಲಿವರಿ, ಅಂಚೆ, ತೆರಿಗೆ ಇತ್ಯಾದಿಗಳನ್ನು ಬಿಡಿಸಿಯೂ ಹೇಳಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳ ಪಟ್ಟಿಯಿದೆ, ಡ್ರಿಪ್ ಪ್ರೈಸಿಂಗ್ ಅದರಲ್ಲೊಂದು. ಕೊನೆಯ ಪುಟದಲ್ಲಿ ತೋರಿಸಿದೆವಲ್ಲ ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ.

349 ತೋರಿಸಿದ ಪುಟ, 482 ತೋರಿಸಿದ ಪುಟ, ಎರಡರ ಚಿತ್ರವನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಸೋಮವಾರ ಕರೆ ಮಾಡುತ್ತೇನೆ.