ಜಾನಿ ವಿಲ್ಕಿನ್ಸನ್ ಅಂದ್ರೆ ಬರೀ ಆ ಒಂದು ಡ್ರಾಪ್ ಗೋಲ್ ಅಲ್ಲ

ಜಾನಿ ವಿಲ್ಕಿನ್ಸನ್ ಹೆಸರು ಬಂದರೆ ಸಾಕು, ಎಲ್ಲರೂ 2003ರ ರಗ್ಬಿ ವಿಶ್ವಕಪ್ ಫೈನಲ್‌ಗೇ ಹೋಗಿ ನಿಲ್ಲುತ್ತಾರೆ. ಸಿಡ್ನಿ, ಎದುರಿಗೆ ಆಸ್ಟ್ರೇಲಿಯಾ, ಹೆಚ್ಚುವರಿ ಸಮಯ ಇನ್ನೇನು ಮುಗಿಯಬೇಕು. ಎಡಗಾಲಿನ ಆಟಗಾರ ಬಲಗಾಲಲ್ಲಿ ಡ್ರಾಪ್ ಗೋಲ್ (ಕೈಯಿಂದ ಬಿಟ್ಟ ಚೆಂಡು ನೆಲಕ್ಕೆ ತಾಗಿ ಪುಟಿದಾಗ ಗೋಲ್‌ಕಂಬಗಳ ನಡುವೆ ಒದೆಯೋದು) ಹೊಡೆದು ಇಂಗ್ಲೆಂಡನ್ನು ಗೆಲ್ಲಿಸಿದ. ದೊಡ್ಡ ಗಳಿಗೆಯೇ, ಇಲ್ಲ ಅನ್ನಲ್ಲ. ಆದರೆ ನನಗೆ ಅವನ ಕ್ಲಬ್ ಆಟವೇ ಜಾಸ್ತಿ ಇಷ್ಟ. ಅದರಲ್ಲೂ ಫ್ರಾನ್ಸ್‌ಗೆ ಹೋದ ಮೇಲಿನದ್ದು.

1997ರಲ್ಲಿ ಶಾಲೆ ಮುಗಿಸಿದವನೇ ನ್ಯೂಕ್ಯಾಸಲ್ ಫಾಲ್ಕನ್ಸ್ ಸೇರಿದ. ಆ ಸೀಸನ್‌ನಲ್ಲೇ ತಂಡ ಇಂಗ್ಲೆಂಡ್ ಲೀಗ್ ಗೆದ್ದಿತು. ಮುಂದೆ ಕಪ್‌ಗಳು ಬಂದವು, ಲೀಗ್ ಪಟ್ಟ ಮಾತ್ರ ಮತ್ತೆ ಸಿಗಲಿಲ್ಲ.

ವಿಶ್ವಕಪ್ ಆದ ಮೇಲೆ ಶುರುವಾಯಿತು ನೋಡಿ ಗಾಯಗಳ ಸಾಲು. ಕುತ್ತಿಗೆ, ತೋಳು, ಮಂಡಿ, ತೊಡೆಸಂದು. ಒಮ್ಮೆ ಮೂತ್ರಪಿಂಡಕ್ಕೇ ಪೆಟ್ಟು! 2007ರ ತನಕ ಇಂಗ್ಲೆಂಡ್ ಅಂಗಿ ತೊಡಲು ಆಗಲೇ ಇಲ್ಲ. ಕ್ಲಬ್‌ಗೂ ಅಷ್ಟೇ, ನಾಲ್ಕು ಪಂದ್ಯ ಆಡಿದರೆ ಮತ್ತೆ ಮನೆ. ಒದೆಯುವವನಿಗೆ ಇಷ್ಟೊಂದು ಪೆಟ್ಟು ಯಾಕೆ ಅಂತ ಕೇಳಬಹುದು. ಅವನ ಜಾಗ ಫ್ಲೈ-ಹಾಫ್, ಅಂದ್ರೆ ತಂಡದ ಆಟ ನಡೆಸುವವನು. ಬಹಳಷ್ಟು ಫ್ಲೈ-ಹಾಫ್‌ಗಳು ದೊಡ್ಡ ಆಳುಗಳನ್ನು ಕಂಡರೆ ಸ್ವಲ್ಪ ಪಕ್ಕಕ್ಕೆ ಸರಿಯುತ್ತಾರೆ. ಇವನು ಹೋಗಿ ಭುಜ ಕೊಟ್ಟು ಬೀಳಿಸುತ್ತಿದ್ದ. ಅಭ್ಯಾಸವಂತೂ ಹುಚ್ಚು. ಕಿಕ್ ಮನಸ್ಸಿಗೆ ಒಪ್ಪುವ ತನಕ ಮೈದಾನ ಬಿಡುತ್ತಿರಲಿಲ್ಲ.

2009ರಲ್ಲಿ ನ್ಯೂಕ್ಯಾಸಲ್ ಬಿಟ್ಟು ಫ್ರಾನ್ಸ್‌ನ ತೂಲೋನ್ ಕ್ಲಬ್‌ಗೆ ಹೋದ. ಮೂವತ್ತು ವರ್ಷ, ಮೈ ತುಂಬಾ ಹೊಲಿಗೆ. ದುಡ್ಡಿಗೆ ಹೋದ, ಇನ್ನು ಮುಗೀತು ಅಂದವರಿದ್ದರು. ಹನ್ನೆರಡು ವರ್ಷ ಒಂದೇ ಕ್ಲಬ್‌ಗೆ ಮೈ ಸವೆಸಿದವನಿಗೆ ನಿಷ್ಠೆಯ ಪಾಠ ಹೇಳೋದು ಸುಮ್ನೆ ಬಾಯಿಚಪಲ, ಅಷ್ಟೇ.

ತೂಲೋನ್ ದುಡ್ಡಿನ ತಂಡ ಅನ್ನೋದು ನಿಜ. ಕಾಮಿಕ್ಸ್ ಪ್ರಕಟಿಸಿ ಶ್ರೀಮಂತನಾದ ಮುರಾದ್ ಬುಜೆಲಾಲ್ ಆಗ ಅದರ ಒಡೆಯ. ಗಿಟೊ, ಬಾಕೀಸ್ ಬೋಥಾ, ಹಬಾನಾ ಅಂತ ಹೊರದೇಶದ ಹೆಸರಾಂತ ಆಟಗಾರರನ್ನು ಒಬ್ಬೊಬ್ಬರನ್ನೇ ತಂದು ಗುಡ್ಡೆ ಹಾಕಿದ. ಆದರೆ ಅಂಥ ಹೆಸರುಗಳ ನಡುವೆ ನಾಯಕ ಯಾರು? ಇದೇ ವಿಲ್ಕಿನ್ಸನ್. 2013ರ ಹೈನೆಕೆನ್ ಕಪ್, ಅಂದ್ರೆ ಯುರೋಪಿನ ಕ್ಲಬ್‌ಗಳ ಕಪ್, ಅದರ ಫೈನಲ್‌ನಲ್ಲಿ ಇನ್ನೊಂದು ಫ್ರೆಂಚ್ ಕ್ಲಬ್ ಕ್ಲೆರ್ಮೋನ್ ಮುಂದಿತ್ತು. ತೂಲೋನ್‌ನ ಡೆಲಾನ್ ಆರ್ಮಿಟೇಜ್ ಟ್ರೈ ಹೊಡೆದ (ಎದುರಾಳಿಯ ಗೆರೆ ದಾಟಿ ಚೆಂಡು ನೆಲಕ್ಕೂರಿದ), ವಿಲ್ಕಿನ್ಸನ್ ಕನ್ವರ್ಷನ್ (ಟ್ರೈ ಆದ ಮೇಲೆ ಸಿಗುವ ಹೆಚ್ಚುವರಿ ಕಿಕ್) ಹಾಕಿದ, 16-15. ಒಂದೇ ಒಂದು ಅಂಕದ ಗೆಲುವು! ಆದರೆ ಅದೇ ಸೀಸನ್ನಿನ ಫ್ರೆಂಚ್ ಲೀಗ್ ಫೈನಲ್‌ನಲ್ಲಿ ಕಾಸ್ತ್ರ್ ಕೈಲಿ ಸೋತರು.

ಮರುವರ್ಷ ಇಂಗ್ಲೆಂಡಿನ ಕ್ಲಬ್ ಸರಾಸೆನ್ಸ್ ವಿರುದ್ಧ 23-6, ಮತ್ತೆ ಯುರೋಪಿನ ಕಪ್. ಅವನಿಗೆ 35 ತುಂಬಲು ಒಂದೇ ದಿನ ಬಾಕಿ. ಒಂದು ವಾರ ಬಿಟ್ಟು ಫ್ರೆಂಚ್ ಲೀಗ್ ಫೈನಲ್, ಎದುರಿಗೆ ಮತ್ತದೇ ಕಾಸ್ತ್ರ್. ಇದೇ ಕೊನೆಯ ಪಂದ್ಯ ಅಂತ ಮೊದಲೇ ಹೇಳಿದ್ದ. 18-10ರಲ್ಲಿ ತೂಲೋನ್ ಗೆದ್ದಿತು, ಆ 18ರಲ್ಲಿ 15 ಅವನದೇ. 1992ರ ನಂತರ ಆ ಊರಿಗೆ ಬಂದ ಮೊದಲ ಫ್ರೆಂಚ್ ಪಟ್ಟ ಅದು. ಇಂಗ್ಲಿಷ್ ಆಟಗಾರನೊಬ್ಬನನ್ನು ಫ್ರೆಂಚರು ಇಷ್ಟು ಹಚ್ಚಿಕೊಂಡಿದ್ದು ನಾನಂತೂ ಬೇರೆ ನೋಡಿಲ್ಲ.